ಗರಡಿಯಲ್ಲಿ ನನ್ನ ಪಾಲಿನ ಮಣ್ಣು

ಹೋದ ವಾರ ಮನೆಯಲ್ಲಿ ಹುಳಿ ಬಂದ ಮಜ್ಜಿಗೆ ಉಳಿದಿತ್ತು. ನನ್ನ ಹೆಂಡತಿ ಅದನ್ನು ಹಿತ್ತಿಲಿನ ಕುಂಡದಲ್ಲಿದ್ದ ಕರಿಬೇವಿನ ಸಸಿಗೆ ಸುರಿದಳು. ಹುಳಿಮಜ್ಜಿಗೆ ಹಾಕಿದರೆ ಕರಿಬೇವು ಚೆನ್ನಾಗಿ ಚಿಗುರುತ್ತದೆ ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಆ ಸಸಿ ನಮ್ಮೂರಿನದಲ್ಲ. ನನ್ನ ತಂಗಿ ಕಲಘಟಗಿಯಿಂದ ಬರುವಾಗ, ಬೇರಿನ ಸುತ್ತಲಿನ ಕೆಂಪು ಮಣ್ಣಿನ ಸಮೇತ ತಂದಿದ್ದಳು. ಮಜ್ಜಿಗೆ ಬಿದ್ದದ್ದೇ ತಡ, ಆ ಮಣ್ಣಿನಿಂದ ಒಂದು ವಾಸನೆ ಎದ್ದಿತು. ಹುಳಿ, ತಂಪು, ಸ್ವಲ್ಪ ಬೆವರಿನಂಥದ್ದು... ನಾನು ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟೆ.

"ಏನಾತ್ರಿ ನಿಮಗ? ಹುಳಾ ಬಿದ್ದಾವೇನು?" ಅಂದಳು ಹೆಂಡತಿ.

"ಏನಿಲ್ಲ" ಅಂದೆ. ಕಣ್ಣು ತುಂಬಿ ಬಂದಿತ್ತು.

ಕಪ್ಪು ಎರೆಮಣ್ಣಿನ ಸೀಮೆಯಲ್ಲಿ ಬೆಳೆದವನಿಗೆ ಕೆಂಪು ಮಣ್ಣು ಎಂದರೆ ಒಂದೇ ಜಾಗ, ಗರಡಿಮನೆ. ನನಗಂತೂ ಗರಡಿಮನೆ ಎಂದರೆ ಒಬ್ಬರೇ ಮನುಷ್ಯ, ನಮ್ಮೂರಿನ ವಸ್ತಾದರು. ಕುಸ್ತಿ ಕಲಿಸುವ ಗುರುವನ್ನು ನಮ್ಮ ಕಡೆ ವಸ್ತಾದ ಎನ್ನುತ್ತಾರೆ. ಅವರಿಗೂ ಅಪ್ಪ ಅಮ್ಮ ಇಟ್ಟ ಹೆಸರಿತ್ತು. ಆದರೆ ಅದನ್ನು ಯಾರಾದರೂ ಕರೆದದ್ದು ನಾನು ಕೇಳಿದ ನೆನಪಿಲ್ಲ. ಅವರು ಹೋಗಿ ಏಳು ವರ್ಷವಾಯಿತು.

ಅವರ ಮಾತು ಹೇಳುವ ಮೊದಲು ನನ್ನ ಹೊಟ್ಟೆಯ ಮಾತು ಹೇಳಬೇಕು. ಆಗ ನನಗೆ ನಲವತ್ತೆರಡು. ನವಲಗುಂದ ತಾಲೂಕಿನ ನಮ್ಮ ಊರಲ್ಲೇ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ, ಈಗಲೂ ಕಲಿಸುತ್ತೇನೆ. ಫಲಕದ ಮೇಲೆ ವೃತ್ತ ಬರೆಯಲು ತಿರುಗಿದರೆ ಹಿಂದಿನ ಬೆಂಚಿನವರು ನನ್ನನ್ನೇ ನೋಡಿ ನಗುತ್ತಿದ್ದರು, ಅಷ್ಟು ದುಂಡಗಾಗಿದ್ದೆ. ಆ ವರ್ಷ ರಕ್ತ ತಪಾಸಣೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಎಂದರು. ಡಾಕ್ಟರು ಗುಳಿಗೆ ಬರೆದುಕೊಟ್ಟು, ದಿನಾ ಮೈ ಬೆವರುವಷ್ಟು ವ್ಯಾಯಾಮ ಮಾಡಬೇಕು, ಒಂದು ದಿನವೂ ತಪ್ಪಿಸಬಾರದು ಎಂದರು. ನಾನು ಹೂಂ ಹೂಂ ಎಂದು ತಲೆಯಾಡಿಸಿದೆ. ಬೇರೆಯವರಾಗಿದ್ದರೆ ಅಷ್ಟಕ್ಕೇ ಮರೆತುಬಿಡುತ್ತಿದ್ದರೇನೋ. ನನಗೆ ಮರೆಯಲಾಗಲಿಲ್ಲ, ಯಾಕೆಂದರೆ ನಾನು ನಮ್ಮ ಅಪ್ಪನನ್ನು ನೋಡಿದ್ದೆ.

ಅಪ್ಪನೂ ಮಾಸ್ತರರೇ, ಅವರಿಗೂ ಸಕ್ಕರೆ ಕಾಯಿಲೆ. ಒಂದು ಸಣ್ಣ ಗಾಯ. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ತನಕ... ಹುಬ್ಬಳ್ಳಿಯಿಂದ ಜೀಪಿನಲ್ಲಿ ಕರೆತಂದ ದಿನ ಓಣಿಯೆಲ್ಲ ನೆರೆದಿತ್ತು. ಯಾರೋ ಅವರನ್ನು ಎತ್ತಿ ಒಳಗೆ ತಂದು ಕುರ್ಚಿಯಲ್ಲಿ ಕೂರಿಸಿದರು. ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ಅದರ ನಂತರ ನಾಲ್ಕು ವರ್ಷ ಅಪ್ಪ ಆ ಕುರ್ಚಿಯಿಂದ ಬಾಗಿಲ ಆಚೆಯ ಬಿಸಿಲನ್ನು ನೋಡುತ್ತಿದ್ದರು, ಅಷ್ಟೇ. ನನಗೆ ಸಾವಿನ ಹೆದರಿಕೆ ಇರಲಿಲ್ಲ. ಆ ಕುರ್ಚಿಯ ಹೆದರಿಕೆ ಇತ್ತು.

ಹೆದರಿಕೆ ಇದ್ದರೆ ಮನುಷ್ಯ ತಾನಾಗಿ ಎದ್ದು ಓಡುತ್ತಾನೆ ಎಂದು ತಿಳಿದವರು ನನ್ನನ್ನು ನೋಡಿಲ್ಲ. ನಾನು ಆರಂಭಶೂರ. ಬಿಳಿ ಬೂಟು ತಂದೆ, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಊರ ಹೊರಗೆ ಹೊರಟೆ. ನಮ್ಮೂರಲ್ಲಿ ಕೆಲಸವಿಲ್ಲದೆ ನಡೆಯುವುದು ಎಷ್ಟು ಕಷ್ಟ ಎನ್ನುವುದು ಆಗ ಗೊತ್ತಾಯಿತು. ಮಬ್ಬುಗತ್ತಲಲ್ಲಿ ನೀರು ಹಿಡಿದು ಹೊಲದ ಕಡೆ ಹೊರಟವನನ್ನು ಕಂಡರೆ ಜನ ಏನು ತಿಳಿಯುತ್ತಾರೆ? ಎದುರಿಗೆ ಬಂದವರೆಲ್ಲ ಮರ್ಯಾದೆಯಿಂದ ಮುಖ ಆಚೆ ತಿರುಗಿಸಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಪಾಯಖಾನೆ ಇದ್ದೂ ಮಾಸ್ತರರು ಬಯಲಿಗೆ ಯಾಕೆ ಹೋಗುತ್ತಾರೆ ಎಂದು ಪಂಚಾಯಿತಿಯಲ್ಲಿ ಮಾತಾಯಿತಂತೆ!

ಬಾಟಲಿ ಬಿಟ್ಟೆ. ಆಗ ಇನ್ನೊಂದು ಕಾಟ. ಹಿಂದಿನಿಂದ ಬಂದ ಪ್ರತಿಯೊಂದು ಬೈಕೂ ನಿಲ್ಲುತ್ತಿತ್ತು. "ಹತ್ರಿ ಮಾಸ್ತರ, ಬಿಡ್ತೀನಿ." ಬೇಡ ಎಂದರೆ ಬೇಸರ, ನಡೆಯಲಿಕ್ಕೇ ಬಂದಿದ್ದೇನೆ ಎಂದರೆ ನಂಬಿಕೆಯಿಲ್ಲ. "ನಾವೇನ ಹೊರಗಿನವರೇನ್ರಿ, ಹತ್ರಿ" ಎಂದು ಕೈ ಹಿಡಿದು ಕೂರಿಸಿಕೊಳ್ಳುತ್ತಿದ್ದರು. ವ್ಯಾಯಾಮಕ್ಕೆ ಹೋದ ನಾನು ದಿನಾ ಒಬ್ಬೊಬ್ಬರ ಬೈಕಿನ ಹಿಂದೆ ಕೂತು ಆರಾಮಾಗಿ ಮನೆಗೆ ಬರುತ್ತಿದ್ದೆ. ಅಷ್ಟರಲ್ಲಿ ಮಳೆ ಹಿಡಿಯಿತು. ಎರೆಮಣ್ಣು ಬೂಟಿಗೆ ಮೆತ್ತಿ ಒಂದೊಂದು ಕಾಲು ಒಂದೊಂದು ಕಲ್ಲಾಯಿತು. ಬೂಟನ್ನು ತೊಳೆದು ಅಟ್ಟಕ್ಕೆ ಹಾಕಿದೆ. ಖರೇ ಹೇಳುತ್ತೇನೆ, ಆ ದಿನ ನನಗೆ ಖುಷಿಯೇ ಆಯಿತು.

ಆ ಮಳೆಗಾಲದಲ್ಲೇ ಒಂದು ಸಂಜೆ ಚಹಾದ ಅಂಗಡಿಯಲ್ಲಿ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದೆ. ವಸ್ತಾದರು ಬಂದು ಎದುರಿಗೆ ಕೂತರು. ಎಪ್ಪತ್ತು ದಾಟಿದ್ದರೂ ಬೆನ್ನು ಬಗ್ಗಿರಲಿಲ್ಲ. ಕಿವಿಗಳು ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಒಣ ಅಂಜೂರದಂತೆ ಮುದುಡಿದ್ದವು. ನನ್ನ ತಟ್ಟೆಯನ್ನು ನೋಡಿದರು, ಹೊಟ್ಟೆಯನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ.

"ಮಾಸ್ತರ, ನನಗ ಒಂದ ಆಳ ಬೇಕಾಗೇತ್ರಿ" ಅಂದರು. "ಗರಡ್ಯಾಗ ಮಣ್ಣು ತಿರುವಾಕ. ಒಬ್ಬಾವಂಗ ನೀಗವಲ್ದು. ನಾಳಿಗೆ ಮುಂಜಾನಿ ಐದೂವರಿಗೆ ಬರ್ರಿ."

ಸಾಮು ಮಾಡಲು ಬಾ ಎಂದಿದ್ದರೆ ನನ್ನ ಹತ್ತಿರ ಹತ್ತು ನೆಪಗಳಿದ್ದವು. ವಯಸ್ಸಾದವರು ಕೈಗೆ ಕೈ ಜೋಡಿಸು ಅಂದರೆ ಒಲ್ಲೆ ಎನ್ನುವುದು ಹೇಗೆ? ಪಾಪ, ಮುದುಕರಿಗೆ ಸಹಾಯ ಮಾಡಿದಂತಾಯಿತು ಎಂದುಕೊಂಡು ಹೋದೆ. ಹೆಂಡತಿಗೂ ಹಾಗೇ ಹೇಳಿದೆ.

ಆ ಮೊದಲ ಮುಂಜಾನೆ ನೆನಪಾದರೆ ಇವತ್ತಿಗೂ ಕನಸಿನಲ್ಲಿ ನಡೆದದ್ದೋ ಏನೋ ಅನ್ನಿಸುತ್ತದೆ. ಗರಡಿಮನೆಯ ಬಾಗಿಲು ಎಷ್ಟು ಗಿಡ್ಡವೆಂದರೆ ತಲೆ ಬಗ್ಗಿಸಿ ಹೋಗಬೇಕು. ಒಳಗೆ ಕತ್ತಲು. ಗೂಡಿನಲ್ಲಿ ಹಣಮಪ್ಪನ ಮುಂದೆ ಒಂದು ಹಣತೆ. ನಡುವೆ ಕಣ... ದಪ್ಪ ಗೋಡೆಗಳ ನಡುವೆ ಹಾಸಿದ ಕೆಂಪು ಮಣ್ಣು. ಎರೆಮಣ್ಣಿನ ಮೇಲೆ ಕುಸ್ತಿ ಆಗುವುದಿಲ್ಲ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಮೆತ್ತುತ್ತದೆ. ಅದಕ್ಕೆ ಹಿಂದಿನವರು ಕಲಘಟಗಿಯ ಕಡೆಯಿಂದ ಚಕ್ಕಡಿಯಲ್ಲಿ ಆ ಮಣ್ಣನ್ನು ಹೇರಿ ತಂದಿದ್ದರಂತೆ. ಅದಕ್ಕೆ ಮಜ್ಜಿಗೆ, ಅರಿಶಿನ, ಎಣ್ಣೆ, ಲಿಂಬೆಹುಳಿ, ಕರ್ಪೂರ ಹಾಕಿ ಹದ ಮಾಡುತ್ತಿದ್ದರು. ಮೇಲೆ ಬೆಳಕಿಂಡಿಯಿಂದ ಮುಂಜಾವಿನ ಬೆಳಕು ಇಳಿದು ಬಂದಾಗ, ಮಣ್ಣಿನ ಧೂಳು ಆ ಬೆಳಕಿನಲ್ಲಿ ನಿಧಾನಕ್ಕೆ ತೇಲುತ್ತಿತ್ತು. ಹೊರಗೆ ಎಲ್ಲೋ ಎತ್ತಿನ ಗೆಜ್ಜೆಯ ಸದ್ದು. ನಾನು ಎಲ್ಲಿದ್ದೇನೆ, ನನಗೆ ಎಷ್ಟು ವಯಸ್ಸು ಎನ್ನುವುದೇ ಮರೆತಂತಾಗಿ ನಿಂತಿದ್ದೆ.

"ಅಂಗಿ ಬಿಚ್ಚು ಲೇ" ಎಂದು ವಸ್ತಾದರ ಮಾತು ಬಿತ್ತು.

ಬೀದಿಯಲ್ಲಿ 'ಬರ್ರಿ ಮಾಸ್ತರ' ಎನ್ನುವ ಅವರು, ಆ ಗಿಡ್ಡ ಬಾಗಿಲು ದಾಟಿದ ಮೇಲೆ ಏಕವಚನಕ್ಕೆ ಇಳಿಯುತ್ತಿದ್ದರು. ಒಳಗೆ ಯಾರೇ ಬರಲಿ, ಅದೇ ರೀತಿ. ಹಿಮ್ಮಡಿಯಿಂದ ಕಣದ ನಡುವೆ ಒಂದು ಗೆರೆ ಎಳೆದರು. "ಅದು ನಂದು, ಇದು ನಿಂದು. ನಿಂದು ನೀ ತಿರುವು."

ಗರಡಿಯ ಮಣ್ಣನ್ನು ದಿನಾ ಗುದ್ದಲಿಯಿಂದ ಅಗೆದು ತಿರುವಿ ಸಮ ಮಾಡಬೇಕು. ಇಲ್ಲವೆಂದರೆ ತೇವಕ್ಕೆ, ತುಳಿತಕ್ಕೆ ಅದು ಗಟ್ಟಿಯಾಗಿಬಿಡುತ್ತದೆ. ನಾಲ್ಕು ದಿನ ಬಿಟ್ಟರೆ ಕಲ್ಲು. ನನ್ನ ಪಾಲು ಅಗೆಯುವಷ್ಟರಲ್ಲಿ ಉಸಿರು ಬಾಯಿಗೆ ಬಂತು. ಬೆವರು ಮಣ್ಣಿಗೆ ಇಳಿಯಿತು. ಅವರ ಪಾಲು ಆಗಲೇ ಮುಗಿದು ಹಾಸಿಗೆಯಂತೆ ಹಸನಾಗಿತ್ತು. ಹೊರಡುವಾಗ, "ಹ್ಯಾಂಗೂ ಬಂದೀದಿ, ಐದ ಬಸ್ಕಿ ಹೊಡದ ಹೋಗು" ಎಂದರು, ಅಂಗಡಿಯವ ಹಿಡಿಯಷ್ಟು ಕೊಸರು ಹಾಕಿದ ಹಾಗೆ. ಐದು ಬಸ್ಕಿ ಹತ್ತಾದವು, ಹತ್ತು ಇಪ್ಪತ್ತಾದವು. ಅವರು ಒಂದು ದಿನವೂ ಸಕ್ಕರೆಯ ಸುದ್ದಿ ತೆಗೆಯಲಿಲ್ಲ. ನಾನೂ ಹೇಳಲಿಲ್ಲ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನ್ರಿ ವಸ್ತಾದರ?" ಎಂದು ಒಮ್ಮೆ ಸೊಂಟ ಹಿಡಿದುಕೊಂಡು ಗೊಣಗಿದೆ.

"ನಿನ್ನ ಯಾವಾಂವ ಬಗ್ಗಸಾಕ ಹೊಂಟಾನ? ನಿನ್ನ ಕೆಲಸ ಮಣ್ಣು ತಿರುವೂದು" ಅಂದರು.

ತಪ್ಪಿಸಿದ ದಿನಗಳೂ ಇದ್ದವು. ಎಷ್ಟೋ ಇದ್ದವು! ಚಳಿ, ಮದುವೆ, ಪರೀಕ್ಷೆ, ಸುಮ್ಮನೆ ಉದಾಸೀನ. ಯಾಕೆ ಬರಲಿಲ್ಲ ಎಂದು ಅವರು ಕೇಳುತ್ತಿರಲಿಲ್ಲ. ತಮ್ಮ ಪಾಲನ್ನು ತಿರುವಿ, ನನ್ನದನ್ನು ಹಾಗೇ ಬಿಟ್ಟಿರುತ್ತಿದ್ದರು. ಮರುದಿನ ಹೋದರೆ ಗೆರೆಯ ಆಚೆ ಹಸನಾದ ಮಣ್ಣು, ಈಚೆ ಬಿಗಿದುಕೊಂಡ ನೆಲ. ಅದನ್ನು ನೋಡುವ ನಾಚಿಕೆಗಿಂತ ಎದ್ದು ಹೋಗುವುದೇ ಸಲೀಸು ಎನ್ನುವಂತಾಯಿತು. "ಇವತ್ತು ಮನಸ್ಸೇ ಇರಲಿಲ್ರಿ" ಎಂದು ಒಂದು ದಿನ ನಾನಾಗಿಯೇ ಒಪ್ಪಿಕೊಂಡೆ.

"ಮನಸ್ಸಿಗೆ ಯಾರು ಕರದಾರ? ಕಾಲು ಬಂದ್ವಿಲ್ಲೋ, ಸಾಕು" ಎಂದರು.

ಆಗ ಗರಡಿಗೆ ಬರುವವನು ನಾನೊಬ್ಬನೇ. ಊರಿನ ತರುಣರೆಲ್ಲ ಅಣ್ಣಿಗೇರಿಯಲ್ಲಿ ಹೊಸದಾಗಿ ತೆರೆದ ಜಿಮ್ಮಿಗೆ ಬೈಕಿನಲ್ಲಿ ಹೋಗುತ್ತಿದ್ದರು. ವಸ್ತಾದರು ಸಿಟ್ಟಾಗಿದ್ದಾರೆ ಎಂದು ನಾನು ತಿಳಿದಿದ್ದೆ. ಒಂದು ದಿನ ಸಂತೆಗೆ ಹೋದವರು ಆ ಜಿಮ್ಮನ್ನೂ ನೋಡಿ ಬಂದರು. "ಹ್ಯಾಂಗಿತ್ರಿ?" ಅಂದೆ. "ಕನ್ನಡಿ ಅಗದಿ ಚಲೋ ಅದಾವಲೇ" ಎಂದು ಬೆನ್ನಿನ ಮೇಲೆ ಕೈಯಾಡಿಸಿಕೊಂಡು, "ಇಷ್ಟ ವರ್ಷದಾಗ ನನ್ನ ಬೆನ್ನ ನಾ ನೋಡಿದ್ದಿಲ್ಲ" ಅಂದರು. ಅವರ ಮುಖದಲ್ಲಿ ಎಂಥದೋ ಸಣ್ಣ ಬೆರಗಿತ್ತು. ಆ ಮುಖ ನನಗೆ ಈಗಲೂ ಕಾಣುತ್ತದೆ.

ಏಳೆಂಟು ತಿಂಗಳು ಕಳೆದವು. ಹೊಟ್ಟೆ ಇಳಿಯಿತು, ಪ್ಯಾಂಟುಗಳ ಸೊಂಟವನ್ನು ದರ್ಜಿಯಿಂದ ಹಿಡಿಸಿಕೊಂಡು ಬಂದೆ. ರಕ್ತದ ವರದಿ ನೋಡಿದ ಡಾಕ್ಟರು ಕೈ ಕುಲುಕಿದರು. ಅಲ್ಲಿಗೇ ನನಗೆ ಕೊಂಬು ಮೂಡಿತು ನೋಡಿ! ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮುಂಜಾನೆಯ ವಿಶೇಷ ತರಗತಿ ಶುರುವಾಗಿತ್ತು. ಒಂದು ದಿನ ಹೋಗಲಿಲ್ಲ. ಎರಡು ದಿನ. ಒಂದು ವಾರ... ವಾರವಾದ ಮೇಲೆ, ಇಷ್ಟು ಹೊತ್ತಿಗೆ ನನ್ನ ಪಾಲು ಕಲ್ಲಾಗಿರುತ್ತದೆ, ಯಾವ ಮುಖ ಹೊತ್ತು ಹೋಗಲಿ ಎನ್ನಿಸಿತು. ಪರೀಕ್ಷೆ ಮುಗಿದರೂ ಹೋಗಲಿಲ್ಲ. ಗರಡಿಮನೆಯ ಓಣಿ ಬಿಟ್ಟು, ಕೆರೆಯ ಕಡೆಯಿಂದ ಸುತ್ತುಹಾಕಿ ಶಾಲೆಗೆ ಹೋಗತೊಡಗಿದೆ. ವಸ್ತಾದರಿಗೆ ಎದೆನೋವು ಬಂದು ದವಾಖಾನೆಗೆ ಒಯ್ದಿದ್ದರು, ಗುದ್ದಲಿ ಮುಟ್ಟಬೇಡ ಎಂದು ಡಾಕ್ಟರು ಹೇಳಿದ್ದಾರೆ ಎಂಬ ಸುದ್ದಿ ಶಾಲೆಯಲ್ಲಿ ಕಿವಿಗೆ ಬಿತ್ತು. ನೋಡಿ ಬರಬೇಕಿತ್ತು. ನಾಚಿಕೆಯಿಂದ ಅದಕ್ಕೂ ಹೋಗಲಿಲ್ಲ.

ಎರಡು ತಿಂಗಳಾಗುತ್ತ ಬಂದಿತ್ತು. ಚಪ್ಪಲಿ ಕಚ್ಚಿ ಕಿರುಬೆರಳಿಗೆ ಆದ ಗಾಯವೊಂದು ಮಾಯುತ್ತಿರಲಿಲ್ಲ. ಹೆಂಡತಿಗೆ ಕಾಣದಂತೆ ಬಟ್ಟೆ ಸುತ್ತಿಕೊಂಡು ಓಡಾಡುತ್ತಿದ್ದೆ. ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ದಿನ ಊಟಕ್ಕೆ ಬಡಿಸುತ್ತ, ನನ್ನ ಕಾಲಿನ ಕಡೆ ನೋಡಿ, ತಣ್ಣಗೆ ಅಂದಳು: "ಮಾವನವರ ಕುರ್ಚಿ ಅಟ್ಟದ ಮ್ಯಾಲ ಅದ. ಇಳಸಲೇನು?"

ತಟ್ಟೆ ಸರಿಸಿ ಎದ್ದೆ. ಅವಳೂ ಒಳಗೆ ಹೋಗಿ ಅತ್ತಳೆಂದು ಆಮೇಲೆ ಗೊತ್ತಾಯಿತು.

ಮರುದಿನ ಐದು ಗಂಟೆಗೇ ಗರಡಿಮನೆಗೆ ಹೋದೆ. ವಸ್ತಾದರು ಬರುವ ಮೊದಲೇ ನನ್ನ ಪಾಲಿನ ಕಲ್ಲನ್ನು ಅಗೆದು ಮುಗಿಸಿಬಿಡಬೇಕು ಎನ್ನುವುದು ನನ್ನ ಲೆಕ್ಕ. ಗುದ್ದಲಿ ಎತ್ತಿ, ಹಲ್ಲು ಕಚ್ಚಿ, ಇದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ಗುದ್ದಲಿ ಸರ್ರನೆ ಮಣ್ಣಿನೊಳಗೆ ಇಳಿದುಹೋಯಿತು. ಅದರ ಹಿಂದೆ ನಾನೂ ಮುಗ್ಗರಿಸಿ ಬಿದ್ದೆ. ಕೈಯಾಡಿಸಿದರೆ ಮಣ್ಣು ಮೆತ್ತಗೆ, ತಂಪಾಗಿ, ನಿನ್ನೆ ತಿರುವಿದ ಹಾಗೆ ಹಸನಾಗಿದೆ. ಕತ್ತಲಲ್ಲಿ ಗೆರೆ ದಾಟಿ ಅವರ ಪಾಲಿಗೆ ಬಂದಿರಬೇಕು ಎಂದುಕೊಂಡು ಈ ಕಡೆಗೆ ಬಂದು ಹೊಡೆದೆ. ಗುದ್ದಲಿ ಠಣ್ ಎಂದು ಹಾರಿ, ಮೊಣಕೈ ತನಕ ಜುಮ್ಮೆಂದಿತು.

ಬೆಳಕಿಂಡಿಯಲ್ಲಿ ಬೆಳಕು ಮೂಡುವ ತನಕ ಅಲ್ಲೇ ಕೂತಿದ್ದೆ. ಬೆಳಕು ಬಂತು. ನಡುವೆ ಗೆರೆ. ನನ್ನ ಅರ್ಧ ಹಸನಾಗಿತ್ತು. ಅವರ ಅರ್ಧ ಗಟ್ಟಿಯಾಗಿ, ಅಲ್ಲಲ್ಲಿ ಸೀಳು ಬಿಟ್ಟಿತ್ತು.

ವಸ್ತಾದರು ಗೋಡೆ ಹಿಡಿದುಕೊಂಡು ಮೆಲ್ಲಗೆ ಬಂದರು. ಹೆಗಲ ಮೇಲೆ ಟವೆಲು, ಮೈ ಅರ್ಧಕ್ಕೆ ಇಳಿದಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹಿರಿಯರು ಎನ್ನುವುದನ್ನೂ ನೋಡದೆ ಕೂಗಾಡಿದೆ. "ಎದಿ ನೋವು ಇಟ್ಕೊಂಡು ನನ್ನ ಪಾಲು ಅಗದೀರೇನ್ರಿ? ತಲಿ ನೆಟ್ಟಗದನೋ ಇಲ್ಲೋ ನಿಮ್ಮದು?"

"ಒದರಬ್ಯಾಡಲೇ. ದಿನಾ ಒಂದೀಟ ಒಂದೀಟ ತಿರುವೀನಿ, ಒಮ್ಮೆಲೆ ಅಲ್ಲ" ಎಂದು ಕಟ್ಟೆಯ ಮೇಲೆ ಕೂತರು. ಉಸಿರು ಹದಕ್ಕೆ ಬರಲು ಹೊತ್ತು ಹಿಡಿಯಿತು. "ನಂದು ಗಟ್ಟಿ ಆದ್ರ ಏನಾತು? ನಾ ಇನ್ನ ಯಾರ ಕೂಡ ಕುಸ್ತಿ ಹಿಡೀಬೇಕಾಗೇತಿ? ನೀ ಬರಾಂವ ಇದ್ದಿ. ಬಂದ ದಿನ ಮಣ್ಣು ಗಟ್ಟಿ ಇತ್ತಂದ್ರ ನಾಕ ಏಟ ಹಾಕಿ ಹೊಳ್ಳಿ ಮನಿಗೆ ಹೋಗತಿದ್ದಿ. ನಿನ್ನ ನಾ ಬಲ್ಲೆ."

"ಬರದಿದ್ರ?"

ಅವರು ಕಣದ ಕಡೆ ನೋಡುತ್ತ, ತಮಗೇ ಹೇಳಿಕೊಳ್ಳುವವರ ಹಾಗೆ ಅಂದರು: "ನಿಮ್ಮಪ್ಪನ್ನ ಜೀಪಿನಿಂದ ಇಳಿಸಿ ಎತ್ತಕೊಂಡ ಬಂದಾಂವ ನಾನ. ಎಂಥಾ ಆಳ ಮನಷ್ಯಾ... ಕೂಸಿನಂಗ ಹಗೂರ ಆಗಿದ್ದ. ಅವನ ಮಗನ್ನೂ ಹಂಗ ಎತ್ತೂದು ನನ್ನ ಕಡಿಂದ ಆಗೂದಿಲ್ಲೋ."

ಗೋಡೆಗೆ ಮುಖ ಮಾಡಿ ನಿಂತಿದ್ದ ನಾನು, ಅಪ್ಪನನ್ನು ಎತ್ತಿದ್ದು ಯಾರು ಎಂದು ಅಷ್ಟು ವರ್ಷ ಯಾರನ್ನೂ ಕೇಳಿರಲಿಲ್ಲ. ಮುದುಕರಿಗೆ ಸಹಾಯ ಮಾಡಲು ಹೋಗುತ್ತಿದ್ದೇನೆ ಎಂದು ಊರ ತುಂಬ ಹೇಳಿಕೊಂಡು ತಿರುಗಿದ್ದೆನಲ್ಲ! ನಾಚಿಕೆ, ಪ್ರೀತಿ, ದುಃಖ ಎಲ್ಲ ಒಟ್ಟಿಗೆ ಬಂದವು. ಗುದ್ದಲಿ ಎತ್ತಿಕೊಂಡು ಅವರ ಪಾಲನ್ನು ಅಗೆಯತೊಡಗಿದೆ. ಅದು ಹದಕ್ಕೆ ಬರಲು ಮೂರು ದಿನ ಬೇಕಾಯಿತು.

ಆ ಮೇಲಿನ ದಿನಗಳು ನನ್ನ ನೆನಪಿನಲ್ಲಿ ಒಂದೇ ಉದ್ದನೆಯ ಮುಂಜಾನೆಯಂತೆ ಕಾಣುತ್ತವೆ. ನಾನು ಇಡೀ ಕಣ ತಿರುವುವುದು, ಅವರು ಕಟ್ಟೆಯ ಮೇಲೆ ಕೂತು ನೋಡುವುದು. ಕೆಲವೊಮ್ಮೆ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ಗುದ್ದಲಿಯ ಸದ್ದಿನಲ್ಲೇ ಗೊತ್ತಾಗುತ್ತಿತ್ತೋ ಏನೋ, "ಮೂಲ್ಯಾಗ ಬಿಟ್ಟಿ" ಎನ್ನುತ್ತಿದ್ದರು. ಹೋಗಿ ನೋಡಿದರೆ ಮೂಲೆಯಲ್ಲಿ ಬಿಟ್ಟೇ ಇರುತ್ತಿದ್ದೆ. ಕಿರುಬೆರಳಿನ ಗಾಯ ನಿಧಾನಕ್ಕೆ ಮಾಯಿತು.

ಆ ವರ್ಷದ ಶ್ರಾವಣದಲ್ಲಿ, ಹಗಲು ಹೊತ್ತಿನಲ್ಲಿ, ಊಟ ಮಾಡಿ ಗೋಡೆಗೆ ಒರಗಿ ಕೂತವರು ಹಾಗೇ ಹೋಗಿಬಿಟ್ಟರು. ಸುದ್ದಿ ಬಂದಾಗ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಸುಣ್ಣದಕಡ್ಡಿ ಕೈಯಲ್ಲಿ ಹಿಡಿದೇ ಓಡಿದೆನಂತೆ. ಮಣ್ಣಿಗೆ ಹೋದಾಗ, ಜಿಮ್ಮಿಗೆ ಹೋಗುತ್ತಿದ್ದ ತರುಣರೂ ಬಂದು ಹೆಗಲು ಕೊಟ್ಟರು. ಗರಡಿಯಿಂದ ಒಂದು ಹಿಡಿ ಕೆಂಪು ಮಣ್ಣು ತಂದು ಅವರ ಎದೆಯ ಮೇಲೆ ಹಾಕಿದೆ. ಕಪ್ಪು ನೆಲದಲ್ಲಿ ಆ ಕೆಂಪು ಎದ್ದು ಕಾಣುತ್ತಿತ್ತು... ಆಮೇಲೆ ಅದರ ಮೇಲೂ ಕಪ್ಪು ಮಣ್ಣು ಬಿತ್ತು.

ಈಗ ಗರಡಿಮನೆಯ ಕೀಲಿ ನನ್ನ ಹತ್ತಿರ ಇದೆ. ಅವರ ಸೊಸೆ ತಾನಾಗಿ ತಂದುಕೊಟ್ಟಳು. ದಿನಾ ಹೋಗುತ್ತೇನೆ ಎಂದರೆ ಸುಳ್ಳಾಗುತ್ತದೆ. ವಾರದಲ್ಲಿ ಒಂದು ದಿನ ತಪ್ಪುತ್ತದೆ, ಒಮ್ಮೊಮ್ಮೆ ಎರಡು. ತಪ್ಪಿದ ಮರುದಿನ ನೆಲ ಬಿಗಿದಿರುತ್ತದೆ, ಸ್ವಲ್ಪ ಹೆಚ್ಚು ಅಗೆಯುತ್ತೇನೆ. ವಯಸ್ಸು ಐವತ್ತಾಯಿತು. ಏಳುವ ಮನಸ್ಸು ಇನ್ನೂ ತಾನಾಗಿ ಬಂದಿಲ್ಲ, ಬರುತ್ತದೆ ಎನ್ನುವ ಆಸೆಯನ್ನೂ ಬಿಟ್ಟಿದ್ದೇನೆ.

ನಿನ್ನೆ ಹುಬ್ಬಳ್ಳಿಗೆ ತಪಾಸಣೆಗೆ ಹೋಗಿದ್ದೆ. ಹೊಸ ಡಾಕ್ಟರು, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹೆಣ್ಣುಮಗಳು. ಸಕ್ಕರೆ ಇದ್ದವರಿಗೆ ವರ್ಷಗಳಾದಂತೆ ಕಾಲಿನ ಸ್ಪರ್ಶ ಸತ್ತುಹೋಗುತ್ತದೆ, ಗಾಯವಾದರೂ ತಿಳಿಯುವುದಿಲ್ಲ, ಕಾಲು ಹೋಗುವುದು ಅಲ್ಲಿಂದಲೇ ಶುರು ಎಂದು ವಿವರಿಸಿದಳು. ಕಣ್ಣು ಮುಚ್ಚಿಕೊಳ್ಳಲು ಹೇಳಿ, ಕೂದಲಿನಷ್ಟು ತೆಳುವಾದ ಎಳೆಯೊಂದರಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟಿದಳು. "ಗೊತ್ತಾದಾಗ ಹೇಳ್ರಿ." ಹೆಬ್ಬೆರಳಿಗೆ ಮುಟ್ಟಿತು, ಹೂಂ ಅಂದೆ. ಹಿಮ್ಮಡಿಗೆ, ಹೂಂ. ಕಿರುಬೆರಳಿಗೆ... ಹೂಂ. ಒಂದೂ ತಪ್ಪಲಿಲ್ಲ.

"ಅಗದಿ ಚಲೋ ಇಟ್ಕೊಂಡೀರಲ್ರೀ ಸರ್ ಕಾಲು!" ಅಂದಳು.

ನಾನಲ್ಲ ತಾಯಿ, ಎನ್ನಬೇಕೆಂದುಕೊಂಡೆ. ಕೈ ಮುಗಿದು ಎದ್ದುಬಂದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬರುವಾಗ ಇದನ್ನು ಹೇಳಬೇಕಾದದ್ದು ಒಬ್ಬರಿಗೇ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಅವರು ಇದ್ದಾಗ ಒಂದು ಒಳ್ಳೆಯ ಮಾತನ್ನೂ ನಾನು ಅವರಿಗೆ ಹೇಳಿರಲಿಲ್ಲ. ಹೇಳಿದ್ದೆಲ್ಲ ಗೊಣಗಾಟ.

ಇವತ್ತು ಮುಂಜಾನೆ ಎದ್ದು ಹೋದೆ. ಬಾಗಿಲು ತೆರೆದು, ಖಾಲಿ ಕಣದ ಮುಂದೆ ನಿಂತು, "ವಸ್ತಾದರ, ನನ್ನ ಕಾಲು ಉಳದಾವ್ರಿ" ಎಂದು ಜೋರಾಗಿಯೇ ಹೇಳಿದೆ. ಬೈಯಲಿಕ್ಕೂ ಅವರಿರಲಿಲ್ಲ. ನಿಂತಲ್ಲೇ ಅತ್ತುಬಿಟ್ಟೆ. ಆಮೇಲೆ ಅಂಗಿ ಬಿಚ್ಚಿ ಗುದ್ದಲಿ ತೆಗೆದುಕೊಂಡೆ.